ಪ್ಯಾರಸಿಟಮಾಲ್‌ನಿಂದ ಮಾರ್ಫಿನ್‌ವರೆಗೆ: ಯಾವ ನೋವಿಗೆ ಯಾವ ಮಾತ್ರೆ, ಎಷ್ಟು ದಿನ?

ಮೆಡಿಕಲ್ ಶಾಪಿನ ಮುಂದೆ ನಿಂತು "ಸ್ವಲ್ಪ ಪವರ್ ಜಾಸ್ತಿ ಇರೋದು ಕೊಡಿ" ಎಂದು ಕೇಳುವವರನ್ನು ನೀವೂ ನೋಡಿರುತ್ತೀರಿ. ನೋವಿನ ಮಾತ್ರೆಗಳೆಲ್ಲ ಕಡಿಮೆ ಪವರಿನಿಂದ ಜಾಸ್ತಿ ಪವರಿನವರೆಗೆ ಒಂದೇ ಸಾಲಿನಲ್ಲಿ ನಿಂತಿವೆ ಎಂಬ ಲೆಕ್ಕ ಅವರದು. ಆ ಲೆಕ್ಕ ತಪ್ಪು. ಮೈಕೈ ನೋವಿಗೆ ಒಂದು ಗುಂಪು, ಊತಕ್ಕೆ ಒಂದು, ನರದ ನೋವಿಗೆ ಇನ್ನೊಂದು. ಇವೆಲ್ಲಕ್ಕಿಂತ ಬೇರೆಯಾದದ್ದು ಅಫೀಮಿನ ಸಂಬಂಧಿಕರ ಗುಂಪು, ಅಂದರೆ ಒಪಿಯಾಯ್ಡ್‌ಗಳು. ಟ್ರಮಡಾಲ್, ಟಪೆಂಟಡಾಲ್, ಕೊಡೀನ್, ಮಾರ್ಫಿನ್, ಫೆಂಟನಿಲ್, ಬ್ಯುಪ್ರೆನಾರ್ಫಿನ್, ಅಮೆರಿಕದಲ್ಲಿ ಬರೆದುಕೊಡುವ ಆಕ್ಸಿಕೊಡೋನ್ ಮತ್ತು ಹೈಡ್ರೊಕೊಡೋನ್, ಎಲ್ಲವೂ ಇದೇ ಗುಂಪು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಒಪಿಯಾಯ್ಡ್ ಕೆಟ್ಟ ಔಷಧಿ ಅಲ್ಲ. ನಮ್ಮಲ್ಲಿ ಅದು ಬೇಡದವರ ಕೈಗೆ ಸಿಗುತ್ತಿದೆ, ಬೇಕಾದವರಿಗೆ ಸಿಗುತ್ತಿಲ್ಲ. ಸೊಂಟನೋವಿನವರು ತಿಂಗಳುಗಟ್ಟಲೆ ಟ್ರಮಡಾಲ್ ನುಂಗುತ್ತಾರೆ. ಕ್ಯಾನ್ಸರ್ ನೋವಿನಲ್ಲಿ ಒದ್ದಾಡುವವರಿಗೆ ಮಾರ್ಫಿನ್ ಕೊಡಿಸಲು ಮನೆಯವರೇ ಹೆದರುತ್ತಾರೆ. ಮಾತ್ರೆ ಆರಿಸುವಾಗ ಪವರ್ ನೋಡಬೇಡಿ. ಇದು ಯಾವ ಬಗೆಯ ನೋವು, ಎಷ್ಟು ದಿನದ ಮಾತು, ಯಾವತ್ತು ನಿಲ್ಲಿಸಬೇಕು, ಈ ಮೂರನ್ನು ನೋಡಿ. ಕೆಳಗಿನದನ್ನು ಓದಿ ನೀವೇ ಚೀಟಿ ಬರೆದುಕೊಳ್ಳಬೇಡಿ. ಡಾಕ್ಟರ ಮುಂದೆ ಕೂತಾಗ ಸರಿಯಾದ ಪ್ರಶ್ನೆ ಕೇಳಲು ಬಳಸಿಕೊಳ್ಳಿ.

ಪ್ಯಾರಸಿಟಮಾಲ್: ಸಾದಾ ಅಂತ ಸಸಾರ ಬೇಡ

ಕೋವಿಡ್ ಕಾಲದಲ್ಲಿ ಮನೆಮಾತಾದ ಡೋಲೋ 650 ನಮ್ಮ ಬೆಂಗಳೂರಿನದೇ ಕಂಪನಿಯ ಸರಕು. ಒಳಗಿರುವುದು ಪ್ಯಾರಸಿಟಮಾಲ್. ಹೊಟ್ಟೆಗೆ ತೊಂದರೆ ಕಡಿಮೆ, ಕಿಡ್ನಿಗೂ ಸಾಮಾನ್ಯವಾಗಿ ತೊಂದರೆಯಿಲ್ಲ, ಚಟ ಹತ್ತುವುದಿಲ್ಲ. ಡೆಂಗ್ಯೂ ಇರಬಹುದು ಎಂಬ ಅನುಮಾನ ಇದ್ದರೆ ಜ್ವರಕ್ಕೂ ನೋವಿಗೂ ಇದೊಂದೇ ಸರಿ. ಊತ ಇಳಿಸುವ ಮಾತ್ರೆಗಳಲ್ಲಿ ರಕ್ತಸ್ರಾವದ ಭಯ ಇರುತ್ತದೆ.

ಇದರ ಅಪಾಯ ಇರುವುದು ಲಿವರ್‌ಗೆ. ಆರೋಗ್ಯವಾಗಿರುವ ದೊಡ್ಡವರಿಗೆ ದಿನಕ್ಕೆ 4 ಗ್ರಾಂ ಕೊನೆಯ ಮಿತಿ. ದಿನಾ ಕುಡಿಯುವವರು, ಲಿವರ್ ತೊಂದರೆ ಇರುವವರು, ತೀರಾ ಸಣಕಲು ಆದವರು ಅದಕ್ಕಿಂತ ಬಹಳ ಕಡಿಮೆಗೆ ನಿಲ್ಲಬೇಕು. ಜನ ಎಡವುವುದು ಜೋಡಿ ಮಾತ್ರೆಗಳಲ್ಲಿ. ಶೀತದ ಮಾತ್ರೆಯಲ್ಲಿ ಪ್ಯಾರಸಿಟಮಾಲ್ ಇರುತ್ತದೆ. ಅಸಿಕ್ಲೋಫೆನಾಕ್ ಸ್ಟ್ರಿಪ್ಪಿನಲ್ಲೂ ಇರುತ್ತದೆ. ಟ್ರಮಡಾಲ್ ಕೂಡ ನಮ್ಮಲ್ಲಿ ಹೆಚ್ಚಾಗಿ ಸಿಗುವುದು 37.5 ಮಿಲಿಗ್ರಾಂ ಟ್ರಮಡಾಲ್ ಜೊತೆ 325 ಮಿಲಿಗ್ರಾಂ ಪ್ಯಾರಸಿಟಮಾಲ್ ಸೇರಿಸಿದ ಮಾತ್ರೆಯಾಗಿ. ಮೂರು ಬೇರೆ ಹೆಸರು, ಮೂರು ಬೇರೆ ಬಣ್ಣ, ಲಿವರ್‌ಗೆ ಹೋಗುವ ಲೆಕ್ಕ ಮಾತ್ರ ಒಂದೇ. ಸ್ಟ್ರಿಪ್ಪಿನ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದದ್ದನ್ನು ಕನ್ನಡಕ ಹಾಕಿಕೊಂಡು ಓದಿ.

ಊತ ಇಳಿಸುವವು: ಕೆಲಸಗಾರರೇ, ಆದರೆ ಕಿಡ್ನಿ ನೋಡಿಕೊಳ್ಳಿ

ಐಬುಪ್ರೊಫೇನ್, ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ನ್ಯಾಪ್ರೊಕ್ಸೆನ್ ಈ ಗುಂಪಿನವು. ಹಲ್ಲುನೋವು, ಉಳುಕು, ಮುಟ್ಟಿನ ನೋವು, ಕಿಡ್ನಿ ಕಲ್ಲಿನ ನೋವು, ಇವಕ್ಕೆ ಬಹಳ ಸಲ ಒಪಿಯಾಯ್ಡ್‌ಗಿಂತ ಇವೇ ವಾಸಿ. ಕಿಡ್ನಿ ಕಲ್ಲಿನ ನೋವಿಗೆ ಆಸ್ಪತ್ರೆಯಲ್ಲಿ ಮೊದಲು ಕೊಡುವುದು ಡೈಕ್ಲೋಫೆನಾಕ್ ಇಂಜೆಕ್ಷನ್ನೇ. ಉರುಳಾಡುವಂಥ ನೋವಿಗೂ ಅಫೀಮಿನ ಗುಂಪೇ ಬೇಕಿಲ್ಲ ಅಂತಾಯ್ತು, ಅಲ್ವಾ?

2017ರಲ್ಲಿ ನ್ಯೂಯಾರ್ಕ್‌ನಲ್ಲಿ ಒಂದು ಪರೀಕ್ಷೆ ನಡೆಯಿತು. ಕೈಕಾಲಿಗೆ ಪೆಟ್ಟು ಬಿದ್ದು ತುರ್ತು ಚಿಕಿತ್ಸೆಗೆ ಬಂದ 416 ಜನರನ್ನು ಗುಂಪು ಮಾಡಿದರು. ಒಂದು ಗುಂಪಿಗೆ ಐಬುಪ್ರೊಫೇನ್ ಮತ್ತು ಪ್ಯಾರಸಿಟಮಾಲ್ ಒಟ್ಟಿಗೆ ಕೊಟ್ಟರು. ಉಳಿದ ಗುಂಪುಗಳಿಗೆ ಬೇರೆ ಬೇರೆ ಒಪಿಯಾಯ್ಡ್ ಇರುವ ಮಾತ್ರೆ. ಎರಡು ಗಂಟೆ ಆದ ಮೇಲೆ ನೋಡಿದರೆ ನೋವು ಇಳಿದದ್ದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ.

ಹಾಗಂತ ಇವನ್ನು ದಿನಾ ನುಂಗಲು ಆಗುವುದಿಲ್ಲ. ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಹೋಗಬಹುದು, ಬಿಪಿ ಏರುತ್ತದೆ, ಹೃದಯದ ತೊಂದರೆ ಇರುವವರಿಗೆ ಅಪಾಯ. ಎಲ್ಲಕ್ಕಿಂತ ಹೆಚ್ಚಾಗಿ ಕಿಡ್ನಿ. ಶುಗರ್ ಇರುವವರು, ವಯಸ್ಸಾದವರು, ಬಿಪಿ ಮಾತ್ರೆಯ ಜೊತೆ ಮೂತ್ರ ಹೋಗಿಸುವ ಮಾತ್ರೆಯನ್ನೂ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಈ ಗುಂಪಿಗೆ ಕೈ ಹಾಕಬಾರದು. 20 ವಾರ ದಾಟಿದ ಬಸುರಿಯರಿಗೆ ಬೇಡ. ಡೈಕ್ಲೋಫೆನಾಕ್ ಕಿಡ್ನಿಗೆ ಏನು ಮಾಡಬಲ್ಲದು ಎಂಬುದಕ್ಕೆ ರಣಹದ್ದುಗಳೇ ಸಾಕ್ಷಿ. ದನಗಳಿಗೆ ಈ ಔಷಧಿ ಕೊಡುತ್ತಿದ್ದರು. ಸತ್ತ ದನ ತಿಂದ ಹದ್ದುಗಳು ಕಿಡ್ನಿ ಕೆಟ್ಟು ಸಾಯುತ್ತಾ ಹೋದವು. 2006ರಲ್ಲಿ ದನಗಳಿಗೆ ಇದನ್ನು ಕೊಡುವುದನ್ನೇ ದೇಶದಲ್ಲಿ ನಿಷೇಧಿಸಿದರು. ರಾಮನಗರದ ರಾಮದೇವರ ಬೆಟ್ಟದಲ್ಲಿ ಹದ್ದುಗಳಿಗಾಗಿ ಒಂದು ಧಾಮವನ್ನೇ ಮಾಡಬೇಕಾಗಿ ಬಂತು. ಮನುಷ್ಯರ ಕಿಡ್ನಿ ಹದ್ದಿನಷ್ಟು ನಾಜೂಕಲ್ಲ, ನಿಜ. ಆದರೂ ಮಂಡಿನೋವಿಗೆ ವರ್ಷಗಟ್ಟಲೆ ಮಾತ್ರೆ ನುಂಗುವ ಬದಲು ಇದೇ ಔಷಧಿಯ ಜೆಲ್ ಹಚ್ಚಿಕೊಂಡರೆ ರಕ್ತಕ್ಕೆ ಸೇರುವುದು ಬಹಳ ಕಡಿಮೆ.

ಟ್ರಮಡಾಲೋ, ಟಪೆಂಟಡಾಲೋ?

ನಮ್ಮ ಊರುಗಳಲ್ಲಿ ಒಪಿಯಾಯ್ಡ್ ಎಂದರೆ ಹೆಚ್ಚಿನವರಿಗೆ ಎದುರಾಗುವುದು ಇವೆರಡೇ. ತಾವು ನುಂಗುತ್ತಿರುವುದು ಅಫೀಮಿನ ಗುಂಪಿನದು ಎಂದು ನುಂಗುವವರಿಗೇ ಗೊತ್ತಿರುವುದಿಲ್ಲ. ತಮಾಷೆಯಲ್ಲ, "ಅದು ನೋವಿಂದು, ಗ್ಯಾಸ್ ಮಾತ್ರೆ ಜೊತೆ ಕೊಟ್ಟಿದ್ದಾರೆ" ಎನ್ನುತ್ತಾರೆ ಅಷ್ಟೇ.

ಟ್ರಮಡಾಲ್ ನುಂಗಿದ ಕೂಡಲೇ ಪೂರ್ತಿ ಕೆಲಸ ಮಾಡುವುದಿಲ್ಲ. ಲಿವರ್ ಅದನ್ನು ಇನ್ನೊಂದು ರೂಪಕ್ಕೆ ಬದಲಾಯಿಸಬೇಕು. ಈ ಬದಲಾವಣೆ ಕೆಲವರಲ್ಲಿ ತೀರಾ ನಿಧಾನ, ಕೆಲವರಲ್ಲಿ ತೀರಾ ಜೋರು. ಒಂದೇ ಮಾತ್ರೆ ಅಣ್ಣನಿಗೆ ಏನೂ ಮಾಡದೆ ತಮ್ಮನಿಗೆ ತಲೆ ಸುತ್ತಿ ವಾಂತಿ ಬರಿಸುವುದು ಇದಕ್ಕೇ. ಕೊಡೀನ್ ಕೂಡ ಹೀಗೆಯೇ. 12 ವರ್ಷದ ಕೆಳಗಿನ ಮಕ್ಕಳಿಗೆ ಎರಡನ್ನೂ ಕೊಡಬಾರದು ಎಂದು ಅಮೆರಿಕದ ಔಷಧ ನಿಯಂತ್ರಕರು 2017ರಲ್ಲಿ ಹೇಳಿದ್ದು ಈ ಕಾರಣಕ್ಕೇ.

ಟ್ರಮಡಾಲ್‌ಗೆ ಇನ್ನೆರಡು ಕೆಟ್ಟ ಗುಣ ಇವೆ. ಡೋಸ್ ಏರಿದರೆ ಫಿಟ್ಸ್ ಬರಬಹುದು. ಮೊದಲೇ ಫಿಟ್ಸ್ ಇದ್ದವರಿಗೆ ಬೇಡವೇ ಬೇಡ. ಖಿನ್ನತೆಗೆ ಫ್ಲುಒಕ್ಸೆಟಿನ್, ಸರ್ಟ್ರಲಿನ್‌ನಂಥ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಎರಡೂ ಸೇರಿ ಮೈ ನಡುಗಿ, ಬೆವತು, ಜ್ವರ ಏರುವ ಗಂಭೀರ ಸ್ಥಿತಿಗೆ ತರಬಹುದು. ಮೂಳೆ ಡಾಕ್ಟರಿಗೆ ಮನೋವೈದ್ಯರ ಚೀಟಿ ತೋರಿಸಲು ಜನ ಸಂಕೋಚ ಪಡುತ್ತಾರಲ್ಲ, ಆ ಸಂಕೋಚ ಇಲ್ಲಿ ದುಬಾರಿ.

ಟಪೆಂಟಡಾಲ್‌ಗೆ ಲಿವರ್ ಬದಲಾಯಿಸಬೇಕಾದ ಕೆಲಸವಿಲ್ಲ, ನೇರವಾಗಿ ಕೆಲಸ ಮಾಡುತ್ತದೆ. ಮಿಲಿಗ್ರಾಂಗೆ ಮಿಲಿಗ್ರಾಂ ಟ್ರಮಡಾಲ್‌ಗಿಂತ ಜೋರು. ಶುಗರಿನ ನರದ ನೋವಿಗೆ ಕೆಲವರಿಗೆ ಕೆಲಸಕ್ಕೆ ಬರುತ್ತದೆ. "ಟ್ರಮಡಾಲ್ ಆಗಿಬರಲಿಲ್ಲ, ಇದು ಸೇಫ್" ಎಂದು ಬರೆದುಕೊಡುವುದೂ ಉಂಟು. ವಾಂತಿ ಸ್ವಲ್ಪ ಕಡಿಮೆ ಎನ್ನುವುದು ನಿಜ. ಚಟದ ವಿಷಯದಲ್ಲಿ ಸೇಫ್ ಎನ್ನುವುದನ್ನು ನಾನು ಒಪ್ಪುವುದಿಲ್ಲ. 2018ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಟ್ರಮಡಾಲನ್ನು ಮಾದಕ ವಸ್ತು ಕಾಯ್ದೆಯ ಕೆಳಗೆ ತಂದಿತು. ಅದು ಸಿಗುವುದು ಬಿಗಿಯಾದ ಮೇಲೆ ದುರ್ಬಳಕೆ ಮಾಡುವವರು ಟಪೆಂಟಡಾಲ್ ಕಡೆ ಹೊರಳಿದರು. ಮಾತ್ರೆಯನ್ನು ಪುಡಿ ಮಾಡಿ ನೀರಲ್ಲಿ ಕರಗಿಸಿ ರಕ್ತನಾಳಕ್ಕೆ ಚುಚ್ಚಿಕೊಳ್ಳುವವರು ಬೆಂಗಳೂರಿನಲ್ಲೇ ಇದ್ದಾರೆ. ಮಾತ್ರೆಯಲ್ಲಿ ಗಟ್ಟಿಯಾಗಲೆಂದು ಸೇರಿಸಿದ ಪುಡಿ ನಾಳದೊಳಗೆ ಕೂತು ಕೈಯೇ ಕೊಳೆಯುವ ಸ್ಥಿತಿ ಬರುತ್ತದೆ. 2025ರಲ್ಲಿ ಟಪೆಂಟಡಾಲ್ ಮತ್ತು ಸ್ನಾಯು ಸಡಿಲಿಸುವ ಕ್ಯಾರಿಸೊಪ್ರೊಡಾಲ್ ಬೆರೆಸಿದ ಮಾತ್ರೆ ಭಾರತದಿಂದ ಪಶ್ಚಿಮ ಆಫ್ರಿಕಾಕ್ಕೆ ಹೋಗುತ್ತಿದ್ದುದು ಬಯಲಾಗಿ, ಅದನ್ನು ತಯಾರಿಸುವುದಕ್ಕೂ ರಫ್ತು ಮಾಡುವುದಕ್ಕೂ ತಡೆ ಬಿತ್ತು.

ಕೊನೆಗೆ ಎರಡರಲ್ಲಿ ಯಾವುದು? ಆಪರೇಷನ್ ಆದ ಮೊದಲ ಕೆಲವು ದಿನಗಳಿಗಾದರೆ ಯಾವುದಾದರೂ ನಡೆಯುತ್ತದೆ. ನಿಮ್ಮ ಫಿಟ್ಸ್, ಖಿನ್ನತೆ, ಲಿವರ್, ಕಿಡ್ನಿಯ ಇತಿಹಾಸ ನೋಡಿ ಡಾಕ್ಟರು ಆರಿಸಲಿ. ತಿಂಗಳುಗಟ್ಟಲೆಯ ಸೊಂಟನೋವಿಗಾದರೆ ನನ್ನ ಉತ್ತರ: ಎರಡೂ ಬೇಡ.

ಸೊಂಟ, ಮಂಡಿ, ತಲೆನೋವು

ಯಾಕೆ ಬೇಡ ಎಂದು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಚಟಕ್ಕೆ ದಾರಿಯಾಗುವುದು ಹೆಚ್ಚಾಗಿ ಇಲ್ಲಿಯೇ.

ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಹಳೆಯ ಸೊಂಟನೋವು, ಮಂಡಿ ಮತ್ತು ಸೊಂಟದ ಕೀಲಿನ ಸವೆತ ಇದ್ದ 240 ಜನರನ್ನು ಒಂದು ವರ್ಷ ಗಮನಿಸಿದರು. ಅರ್ಧ ಜನಕ್ಕೆ ಒಪಿಯಾಯ್ಡ್, ಅರ್ಧ ಜನಕ್ಕೆ ಬೇರೆ ಮಾತ್ರೆ. ಫಲಿತಾಂಶ ಬಂದದ್ದು 2018ರಲ್ಲಿ. ಓಡಾಟ, ಕೆಲಸದಲ್ಲಿ ಎರಡೂ ಗುಂಪು ಒಂದೇ. ನೋವು ಮಾತ್ರ ಒಪಿಯಾಯ್ಡ್ ಗುಂಪಿನಲ್ಲೇ ಒಂಚೂರು ಜಾಸ್ತಿ. ಹೊಸದಾಗಿ ಹಿಡಿದ ಸೊಂಟನೋವು, ಕುತ್ತಿಗೆನೋವಿಗೆ ಆಸ್ಟ್ರೇಲಿಯದಲ್ಲಿ ಆಕ್ಸಿಕೊಡೋನ್ ಕೊಟ್ಟು ನೋಡಿದರು. 2023ರಲ್ಲಿ ಬಂದ ಉತ್ತರ: ಆರು ವಾರದ ಹೊತ್ತಿಗೆ ಔಷಧಿಯೇ ಇಲ್ಲದ ಸುಳ್ಳು ಮಾತ್ರೆಗಿಂತ ಅದು ಮೇಲೇನೂ ಇರಲಿಲ್ಲ.

ಕಾರಣ ಮೈಯೊಳಗೇ ಇದೆ. ದಿನಾ ತೆಗೆದುಕೊಂಡರೆ ಮೈ ಒಗ್ಗಿಕೊಳ್ಳುತ್ತದೆ. ಒಂದು ಮಾತ್ರೆಗೆ ಇಳಿಯುತ್ತಿದ್ದ ನೋವಿಗೆ ಎರಡು ಬೇಕಾಗುತ್ತದೆ. ಕೆಲವರಲ್ಲಿ ಔಷಧಿಯೇ ನೋವನ್ನು ಹೆಚ್ಚು ಚುರುಕು ಮಾಡುತ್ತದೆ. ಡೋಸ್ ತಪ್ಪಿದ ದಿನ ಮೈಕೈ ಹಿಂಡಿದಂತಾಗುತ್ತದೆ. "ನೋಡಿ, ಮಾತ್ರೆ ಬಿಟ್ರೆ ನೋವು ವಾಪಸ್ ಬರುತ್ತೆ" ಎನ್ನುತ್ತಾರೆ. ಅದರಲ್ಲಿ ಅರ್ಧ ಸೊಂಟದ್ದಾಗಿರುವುದಿಲ್ಲ, ಮಾತ್ರೆ ಬಿಟ್ಟದ್ದರ ನೋವಾಗಿರುತ್ತದೆ.

ಮೈಗ್ರೇನ್‌ಗಂತೂ ಇದು ಪೂರ್ತಿ ತಪ್ಪು ಔಷಧಿ. ತಿಂಗಳಿಗೆ ಹತ್ತು ದಿನಕ್ಕಿಂತ ಹೆಚ್ಚು ಒಪಿಯಾಯ್ಡ್ ನುಂಗಿದರೆ ಮಾತ್ರೆಯಿಂದಲೇ ತಲೆನೋವು ಶುರುವಾಗುತ್ತದೆ.

ಸೊಂಟ, ಮಂಡಿಗೆ ಏನು ಮಾಡಬೇಕು? ಉತ್ತರ ಯಾರಿಗೂ ಇಷ್ಟವಾಗುವುದಿಲ್ಲ: ಫಿಸಿಯೋಥೆರಪಿ, ತೂಕ ಇಳಿಸುವುದು, ನಡಿಗೆ, ಜೆಲ್, ನೋವು ಕೆರಳಿದ ನಾಲ್ಕು ದಿನ ಊತದ ಮಾತ್ರೆ. ಮಾತ್ರೆ ನುಂಗಲು ಒಂದು ಲೋಟ ನೀರು ಸಾಕು, ಫಿಸಿಯೋಗೆ ವಾರಕ್ಕೆ ಮೂರು ದಿನ ಆಟೋ ಹತ್ತಬೇಕು. ಹಳ್ಳಿಯಿಂದ ಬರುವವರಿಗೆ ಒಂದು ದಿನದ ಕೂಲಿಯೇ ಹೋಗುತ್ತದೆ. ಟ್ರಮಡಾಲ್ ಗೆಲ್ಲುವುದು ಇಲ್ಲಿ, ಗುಣದಿಂದಲ್ಲ. ಒಮ್ಮೆ ಹೋಗಿ ವ್ಯಾಯಾಮ ಕಲಿತುಕೊಂಡು ಮನೆಯಲ್ಲೇ ಮಾಡುವಂತೆ ಹೇಳಿಕೊಡಿ ಎಂದು ಫಿಸಿಯೋದವರನ್ನು ಕೇಳಿ, ಬಹಳ ಜನ ಕೇಳುವುದೇ ಇಲ್ಲ.

ಉರಿ, ಜುಮುಜುಮು, ಕರೆಂಟ್ ಹೊಡೆದ ಹಾಗೆ ಇದ್ದರೆ ಅದು ನರದ ನೋವು. ಅಮಿಟ್ರಿಪ್ಟಿಲಿನ್, ಡುಲಾಕ್ಸೆಟಿನ್, ಗಾಬಾಪೆಂಟಿನ್, ಪ್ರೆಗಾಬಲಿನ್ ಇದರ ಔಷಧಿಗಳು. ಮುಖದ ಒಂದು ಕಡೆ ಮಿಂಚಿನಂತೆ ಬರುವ ನೋವಿಗೆ ಕಾರ್ಬಮಜೆಪಿನ್. ಪ್ರೆಗಾಬಲಿನ್‌ಗೂ ಅಭ್ಯಾಸ ಹತ್ತುತ್ತದೆ, ಒಪಿಯಾಯ್ಡ್ ಜೊತೆ ಸೇರಿದರೆ ಉಸಿರು ಕುಗ್ಗಿಸುತ್ತದೆ. ಅದನ್ನು ವಿಟಮಿನ್ ಥರ ನುಂಗಬೇಡಿ.

ಆಪರೇಷನ್ ಆದ ಮೇಲೆ: ದಿನ ಎಣಿಸಿ

ಇಲ್ಲಿ ಒಪಿಯಾಯ್ಡ್‌ಗೆ ನಿಜವಾದ ಜಾಗ ಇದೆ. ಎದೆ, ಹೊಟ್ಟೆ, ಮಂಡಿ ಬದಲಾವಣೆಯ ಆಪರೇಷನ್ ಆದವರಿಗೆ ನೋವು ಇಳಿಯದಿದ್ದರೆ ಕೆಮ್ಮಲೂ ಆಗುವುದಿಲ್ಲ, ನಡೆಯಲೂ ಆಗುವುದಿಲ್ಲ. ಕಫ ಕಟ್ಟುತ್ತದೆ, ಕಾಲಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಹೆದರಿ ಬೇಡ ಎನ್ನಬೇಡಿ.

ದಿನ ಮಾತ್ರ ಎಣಿಸಿ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2017ರಲ್ಲಿ ಲಕ್ಷಾಂತರ ಚೀಟಿಗಳ ಲೆಕ್ಕ ತೆಗೆದಿತ್ತು. ಮೊದಲ ಸಲ ಒಪಿಯಾಯ್ಡ್ ತೆಗೆದುಕೊಂಡವರನ್ನು ಒಟ್ಟಾಗಿ ನೋಡಿದರೆ ವರ್ಷದ ನಂತರವೂ ಅದನ್ನೇ ನುಂಗುತ್ತಿದ್ದವರು 100ಕ್ಕೆ 6 ಜನ. ಮೊದಲ ಚೀಟಿಯೇ 8 ದಿನ ಅಥವಾ ಹೆಚ್ಚಿನದಾಗಿದ್ದರೆ 13ರಿಂದ 14. ಒಂದು ತಿಂಗಳು ದಾಟಿದ್ದರೆ ಸುಮಾರು 30. ಇವರೆಲ್ಲ ಚಟಕ್ಕೆ ಬಿದ್ದವರು ಎಂದಲ್ಲ. ನೋವು ಹಾಗೇ ಉಳಿದವರೂ ಇದರಲ್ಲಿದ್ದಾರೆ. ಆದರೂ ಮೊದಲ ವಾರದೊಳಗೆ ನಿಲ್ಲಿಸಿದವರಿಗೂ ನಿಲ್ಲಿಸದವರಿಗೂ ಇರುವ ಅಂತರ ಕಣ್ಣಿಗೆ ಹೊಡೆಯುತ್ತದೆ.

ಡಿಸ್ಚಾರ್ಜ್ ದಿನ ಕೈಗೆ ಬರುವ ಚೀಟಿ ನೋಡಿ. 1-0-1 ಎಂದು ಬರೆದಿರುತ್ತದೆ, ಮುಂದೆ ಎಷ್ಟು ದಿನ ಎಂಬ ಜಾಗ ಎಷ್ಟೋ ಸಲ ಖಾಲಿ. ಅಲ್ಲೇ ನಿಂತು ಕೇಳಿ, ಬರೆಸಿಕೊಳ್ಳಿ. "ಎಸ್‌ಓಎಸ್" ಎಂದಿದ್ದರೆ ಬೇಕಾದಾಗ ಮಾತ್ರ ಎಂದರ್ಥ, ದಿನಕ್ಕೆ ಎಷ್ಟರ ಮೇಲೆ ದಾಟಬಾರದು ಎಂದೂ ಕೇಳಿ. ಮಲಬದ್ಧತೆಗೆ ಮಾತ್ರೆ ಕೊಟ್ಟಿದ್ದಾರಾ ನೋಡಿ. ಒಪಿಯಾಯ್ಡ್‌ನ ಬೇರೆ ತೊಂದರೆಗಳಿಗೆ ಮೈ ಹೊಂದಿಕೊಳ್ಳುತ್ತದೆ, ಮಲಬದ್ಧತೆಗೆ ಹೊಂದಿಕೊಳ್ಳುವುದಿಲ್ಲ.

ಇನ್ನು ಎರಡನೇ ಸಲ ಮೆಡಿಕಲ್‌ಗೆ ಹೋಗುವ ದೃಶ್ಯ. ಸೊಸೆ ಖಾಲಿ ಸ್ಟ್ರಿಪ್ ಹಿಡಿದು ನಿಂತಿರುತ್ತಾಳೆ. "ಅಣ್ಣಾ, ಅತ್ತೆಗೆ ಇದೇ ಬೇಕಂತೆ. ಇದ್ರಲ್ಲಿ ಚೆನ್ನಾಗಿ ನಿದ್ದೆ ಬರುತ್ತಂತೆ." "ಚೀಟಿ ತಂದಿದ್ದೀಯೇನಮ್ಮ?" "ಇಲ್ಲ ಅಣ್ಣಾ, ಹೋದ ತಿಂಗಳು ಇಲ್ಲೇ ತಗೊಂಡಿದ್ವಲ್ಲ." ಒಳ್ಳೆ ಅಂಗಡಿಯವರಾದರೆ ಇಲ್ಲಿ ಕೊಡುವುದಿಲ್ಲ. ಟ್ರಮಡಾಲ್ ಎಚ್1 ಪಟ್ಟಿಯ ಔಷಧಿ. 2014ರಿಂದ ಈ ಪಟ್ಟಿಯ ಔಷಧಿ ಮಾರಿದರೆ ಡಾಕ್ಟರ ಹೆಸರು, ರೋಗಿಯ ಹೆಸರು, ಎಷ್ಟು ಕೊಟ್ಟರು ಎಂಬುದನ್ನು ಬೇರೆ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು. ಲೇಬಲ್ ಮೇಲೆ ಕೆಂಪು ಚೌಕದೊಳಗೆ ಎಚ್ಚರಿಕೆ ಇರುತ್ತದೆ. ಕೊಡದೆ ಕಳಿಸಿದ ಅಂಗಡಿಯವರ ಮೇಲೆ ಸಿಟ್ಟಾಗಬೇಡಿ. ಮೇಲಿನ ಮಾತಿನಲ್ಲಿ ಗಮನಿಸಬೇಕಾದ್ದು "ನಿದ್ದೆ ಬರುತ್ತಂತೆ" ಎಂಬುದು. ನೋವಿಗೆಂದು ಶುರುವಾದ ಮಾತ್ರೆ ನಿದ್ದೆಗೆ, ಬೇಜಾರಿಗೆ, ಸೊಸೆಯ ಮೇಲಿನ ಸಿಟ್ಟಿಗೆ ಬೇಕಾಗತೊಡಗಿದರೆ ಡಾಕ್ಟರಿಗೆ ಹೇಳುವ ಸಮಯ ಬಂದಿದೆ.

ಮಾರ್ಫಿನ್: ಇಲ್ಲಿ ಭಯವೇ ದೊಡ್ಡ ತೊಂದರೆ

ಕ್ಯಾನ್ಸರ್ ನೋವಿಗೆ ಇಷ್ಟು ಹೊತ್ತು ಹೇಳಿದ ಎಚ್ಚರಿಕೆಯ ಮಾತುಗಳಲ್ಲಿ ಅರ್ಧ ಅನ್ವಯಿಸುವುದಿಲ್ಲ. ಜೋರು ನೋವಿಗೆ ಬಾಯಿಂದ ಕೊಡುವ ಮಾರ್ಫಿನ್ ಇವತ್ತಿಗೂ ಮೊದಲ ಔಷಧಿ. ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲೇ ಹೇಳಿದ ಕ್ರಮ ಇದು. ಅಗ್ಗ, ಚೆನ್ನಾಗಿ ಕೆಲಸ ಮಾಡುತ್ತದೆ, ಡೋಸ್ ಹೆಚ್ಚು ಕಡಿಮೆ ಮಾಡಲು ಸುಲಭ. ಸಾದಾ ಮಾರ್ಫಿನ್ ಮಾತ್ರೆಯನ್ನು ನಾಲ್ಕು ಗಂಟೆಗೊಮ್ಮೆ ಹೊತ್ತಿಗೆ ಸರಿಯಾಗಿ ಕೊಡಬೇಕು, ನೋವು ಬರಲಿ ಎಂದು ಕಾಯಬಾರದು.

ಮಧ್ಯಪ್ರದೇಶ, ರಾಜಸ್ಥಾನ, ಉತ್ತರ ಪ್ರದೇಶದಲ್ಲಿ ಸರ್ಕಾರವೇ ಲೈಸೆನ್ಸ್ ಕೊಟ್ಟು ಅಫೀಮು ಬೆಳೆಸುತ್ತದೆ, ಹೊರದೇಶಗಳಿಗೂ ಕಳಿಸುತ್ತದೆ. ಹಾಗಿದ್ದೂ ನಮ್ಮ ರೋಗಿಗಳಿಗೆ ಬೇಕಾದದ್ದರಲ್ಲಿ ಸುಮಾರು 4 ಶೇಕಡಾ ಮಾತ್ರ ಸಿಗುತ್ತಿದೆ ಎಂದು ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ 2017ರ ಆಯೋಗ ಲೆಕ್ಕ ಹಾಕಿತ್ತು. 1985ರ ಮಾದಕ ವಸ್ತು ಕಾಯ್ದೆಯ ಭಯಕ್ಕೆ ಆಸ್ಪತ್ರೆಗಳೇ ಮಾರ್ಫಿನ್ ಇಡುವುದನ್ನು ಬಿಟ್ಟಿದ್ದವು. 2014ರ ತಿದ್ದುಪಡಿಯಲ್ಲಿ ಒಂದೇ ಅನುಮತಿ ಸಾಕು ಎಂದಾಯಿತು. ಎಲ್ಲ ಮೆಡಿಕಲ್ ಶಾಪಿನಲ್ಲೂ ಸಿಗುವುದಿಲ್ಲ. ಮಾನ್ಯತೆ ಪಡೆದ ಆಸ್ಪತ್ರೆಯಲ್ಲೇ ಕೇಳಬೇಕು. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ನೋವು ಶಮನಕ್ಕೇ ವಿಭಾಗ ಇದೆ. ಗುಣವಾಗದ ಹಂತ ತಲುಪಿದವರಿಗೆ ಕರುಣಾಶ್ರಯದಲ್ಲಿ ದುಡ್ಡು ತೆಗೆದುಕೊಳ್ಳದೆ ನೋಡಿಕೊಳ್ಳುತ್ತಾರೆ.

ಮನೆಯವರ ಪ್ರಶ್ನೆ ಒಂದೇ: "ಅಪ್ಪನಿಗೆ ಚಟ ಹತ್ತಿಬಿಟ್ರೆ?" ಒಗ್ಗಿಕೊಳ್ಳುವುದು ಬೇರೆ, ಚಟ ಬೇರೆ. ಕೆಲವು ವಾರ ತೆಗೆದುಕೊಂಡ ಯಾರ ಮೈಯಾದರೂ ಒಗ್ಗಿಕೊಳ್ಳುತ್ತದೆ. ತಟ್ಟನೆ ನಿಲ್ಲಿಸಿದರೆ ಆಕಳಿಕೆ, ಮೂಗು-ಕಣ್ಣಲ್ಲಿ ನೀರು, ರೋಮಾಂಚನ, ಹೊಟ್ಟೆ ಮುರಿತ, ಭೇದಿ ಶುರುವಾಗುತ್ತದೆ. ನಿಧಾನವಾಗಿ ಇಳಿಸಿದರೆ ಇದನ್ನು ತಪ್ಪಿಸಬಹುದು. ಚಟ ಎಂದರೆ ಹಾನಿ ಆಗುತ್ತಿದ್ದರೂ ಬಿಡಲಾಗದೆ ಹುಡುಕಿಕೊಂಡು ಹೋಗುವುದು, ಸುಳ್ಳು ಹೇಳುವುದು, ಎರಡು ಮೂರು ಡಾಕ್ಟರ ಹತ್ತಿರ ಚೀಟಿ ಬರೆಸುವುದು. ದೀರ್ಘಕಾಲದ ಬೇರೆ ನೋವಿಗೆ ಒಪಿಯಾಯ್ಡ್ ತೆಗೆದುಕೊಳ್ಳುವವರಲ್ಲಿ ಸುಮಾರು 100ಕ್ಕೆ 8ರಿಂದ 12 ಜನ ಅಲ್ಲಿಗೆ ತಲುಪುತ್ತಾರೆ ಎಂದು ಅಧ್ಯಯನಗಳನ್ನು ಒಟ್ಟುಗೂಡಿಸಿದ 2015ರ ಲೆಕ್ಕ ಹೇಳುತ್ತದೆ. ಕೊನೆಯ ದಿನಗಳ ಕ್ಯಾನ್ಸರ್ ರೋಗಿಗೆ ಈ ಲೆಕ್ಕ ಹಿಡಿದು ಮಾರ್ಫಿನ್ ತಪ್ಪಿಸುವುದು ಕ್ರೂರ.

ಚರ್ಮಕ್ಕೆ ಅಂಟಿಸುವ ಪ್ಯಾಚ್‌ಗಳ ಬಗ್ಗೆ ಎರಡು ಮಾತು. ನುಂಗಲು ಆಗದವರಿಗೆ ಅನುಕೂಲ. ಫೆಂಟನಿಲ್ ಪ್ಯಾಚ್ ಮೂರು ದಿನಕ್ಕೊಮ್ಮೆ, ಬ್ಯುಪ್ರೆನಾರ್ಫಿನ್‌ದು ವಾರಕ್ಕೊಮ್ಮೆ ಬದಲಾಯಿಸುವುದು ಸಾಮಾನ್ಯ. ಫೆಂಟನಿಲ್ ಮಾರ್ಫಿನ್‌ಗಿಂತ ಸುಮಾರು 100 ಪಟ್ಟು ಜೋರು. ಮೊದಲು ಒಪಿಯಾಯ್ಡ್ ತೆಗೆದುಕೊಳ್ಳದವರಿಗೆ ಅಂಟಿಸಲೇಬಾರದು. ಅದರ ಮೇಲೆ ಬಿಸಿನೀರಿನ ಚೀಲ ಇಟ್ಟರೆ ಔಷಧಿ ಒಮ್ಮೆಗೇ ಒಳಗೆ ನುಗ್ಗುತ್ತದೆ. ಬಳಸಿದ ಪ್ಯಾಚಿನಲ್ಲೂ ಔಷಧಿ ಉಳಿದಿರುತ್ತದೆ, ಅಂಟನ್ನು ಒಳಗೆ ಮಡಚಿ ಮಕ್ಕಳ ಕೈಗೆ ಸಿಗದಂತೆ ಹಾಕಿ.

ಅಮೆರಿಕದಲ್ಲಿ, ಗಲ್ಫ್‌ನಲ್ಲಿ ಇರುವವರಿಗೆ

ಅಮೆರಿಕದ ಕಥೆ ಚಿಕ್ಕದಾಗಿ. 1996ರಲ್ಲಿ ಪರ್ಡ್ಯೂ ಫಾರ್ಮಾ ಎಂಬ ಕಂಪನಿ ಆಕ್ಸಿಕೊಡೋನ್ ಇರುವ ಆಕ್ಸಿಕಾಂಟಿನ್ ಮಾತ್ರೆ ತಂದಿತು, ಚಟ ಹತ್ತುವುದು 100ಕ್ಕೆ ಒಬ್ಬರಿಗಿಂತ ಕಡಿಮೆ ಎಂದು ಪ್ರಚಾರವಾಯಿತು. ಆಧಾರವಾಗಿ ತೋರಿಸುತ್ತಿದ್ದುದರಲ್ಲಿ 1980ರಲ್ಲಿ ವೈದ್ಯಕೀಯ ಪತ್ರಿಕೆಗೆ ಬರೆದ ಐದು ವಾಕ್ಯದ ಪತ್ರವೂ ಒಂದು. ಅದು ಆಸ್ಪತ್ರೆಯಲ್ಲಿ ಮಲಗಿದ್ದವರ ಬಗ್ಗೆ ಇತ್ತು, ಮನೆಗೆ ಮಾತ್ರೆ ಒಯ್ದವರ ಬಗ್ಗೆ ಅಲ್ಲ. ಕಂಪನಿ 2007ರಲ್ಲೂ 2020ರಲ್ಲೂ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡಿತು. ಮಾತ್ರೆ ಬಿಗಿಯಾದಾಗ ಜನ ಹೆರಾಯಿನ್‌ಗೆ ಹೋದರು, ಅಲ್ಲಿಂದ ಕಳ್ಳ ಫೆಂಟನಿಲ್‌ಗೆ. ಅಲ್ಲಿರುವ ನಮ್ಮವರ ಮಕ್ಕಳಿಗೆ ಬುದ್ಧಿಹಲ್ಲು ಕೀಳಿಸಿದಾಗ ಹೈಡ್ರೊಕೊಡೋನ್ ಬರೆದರೆ, ಐಬುಪ್ರೊಫೇನ್ ಮತ್ತು ಪ್ಯಾರಸಿಟಮಾಲ್ ಸಾಕಾಗುತ್ತದಾ ಎಂದು ಡೆಂಟಿಸ್ಟನ್ನು ಕೇಳಿ. ಪ್ಯಾರಸಿಟಮಾಲ್‌ಗೆ ಅಲ್ಲಿ ಅಸಿಟಮಿನೊಫೆನ್ ಎನ್ನುತ್ತಾರೆ. ಹಲ್ಲಿನ ನೋವಿಗೆ ಈ ಜೋಡಿ ಒಪಿಯಾಯ್ಡ್‌ಗಿಂತ ಕಡಿಮೆಯಿಲ್ಲ. ಉಸಿರು ನಿಲ್ಲುವುದನ್ನು ತಿರುಗಿಸುವ ನಲಾಕ್ಸೋನ್ ಮೂಗಿನ ಸ್ಪ್ರೇ 2023ರಿಂದ ಅಲ್ಲಿ ಚೀಟಿಯಿಲ್ಲದೆ ಸಿಗುತ್ತದೆ.

ಮಂಗಳೂರು, ಉಡುಪಿ, ಭಟ್ಕಳದಿಂದ ಗಲ್ಫ್‌ಗೆ ಹೋಗುವವರು ಟ್ರಮಡಾಲ್, ಟಪೆಂಟಡಾಲ್, ಕೊಡೀನ್ ಇರುವ ಕೆಮ್ಮಿನ ಸಿರಪ್ ಬ್ಯಾಗಿಗೆ ಹಾಕುವ ಮುಂಚೆ ಆ ದೇಶದ ನಿಯಮ ನೋಡಿ. ಯುಎಇಗೆ ಇಂಥ ಔಷಧಿಗೆ ಮೊದಲೇ ಅನುಮತಿ ಬೇಕು. ಊರಿನ ಗೆಳೆಯನಿಗೆ ಎಂದು ಯಾರದೋ ಪೊಟ್ಟಣ ಒಯ್ಯುವುದಂತೂ ಬೇಡವೇ ಬೇಡ. 2017ರಲ್ಲಿ ಗಂಡನ ಬೆನ್ನುನೋವಿಗೆಂದು ಈಜಿಪ್ಟ್‌ಗೆ ಟ್ರಮಡಾಲ್ ಒಯ್ದ ಬ್ರಿಟಿಷ್ ಮಹಿಳೆಗೆ ಮೂರು ವರ್ಷ ಶಿಕ್ಷೆಯಾಯಿತು.

ಜೀವ ಹೋಗುವುದು ಹೇಗೆ

ಒಪಿಯಾಯ್ಡ್ ಕೊಲ್ಲುವುದು ಉಸಿರನ್ನು ನಿಧಾನಿಸಿ. ಕುಡಿತ, ಅಲ್‌ಪ್ರಜೋಲಾಮ್‌ನಂಥ ನಿದ್ದೆ ಮಾತ್ರೆ, ಪ್ರೆಗಾಬಲಿನ್ ಜೊತೆ ಸೇರಿದರೆ ಸಾಮಾನ್ಯ ಡೋಸೂ ಅಪಾಯ. ಎಬ್ಬಿಸಿದರೆ ಏಳದಿರುವುದು, ಗೊರಗೊರ ಗೊರಕೆ, ಸೂಜಿಮೊನೆಯಷ್ಟಾದ ಕಣ್ಣಿನ ಪಾಪೆ, ನೀಲಿಯಾದ ತುಟಿ ಕಂಡರೆ 108ಕ್ಕೆ ಫೋನ್ ಮಾಡಿ. ಬರುವವರೆಗೆ ಪಕ್ಕಕ್ಕೆ ಮಲಗಿಸಿ, ಉಸಿರು ನೋಡುತ್ತಿರಿ. ಮಲಗಿದ್ದಾರೆ ಮಲಗಲಿ ಎಂದು ಬಿಡಬೇಡಿ.

ಚಟ ಹತ್ತಿದೆ ಅಂದಾಗ ಇರುವ ದಾರಿಗಳು

2019ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಒಪಿಯಾಯ್ಡ್ ಬಳಸುವವರು ಸುಮಾರು 2.26 ಕೋಟಿ, ಅದರಲ್ಲಿ ಸಹಾಯ ಬೇಕಾದಷ್ಟು ತೊಂದರೆಯಲ್ಲಿದ್ದವರು ಸುಮಾರು 77 ಲಕ್ಷ. ನಿಮ್ಮ ಮನೆಯಲ್ಲೇ ಒಬ್ಬರಿದ್ದರೆ ನೀವು ಒಂಟಿಯಲ್ಲ.

ಮೊದಲ ದಾರಿ, ಅಡ್ಮಿಟ್ ಮಾಡಿ ಹತ್ತು ದಿನದಲ್ಲಿ ಬಿಡಿಸುವುದು. ಜನಕ್ಕೆ ಇಷ್ಟವಾಗುವುದು ಇದೇ, ಯಾಕೆಂದರೆ ಬೇಗ ಮುಗಿಯುತ್ತದೆ. ಇಷ್ಟಕ್ಕೇ ನಿಲ್ಲಿಸಿದರೆ ಹೆಚ್ಚಿನವರು ವಾಪಸ್ ಹೋಗುತ್ತಾರೆ. ಆಗ ಹಳೆಯ ಡೋಸನ್ನೇ ತೆಗೆದುಕೊಳ್ಳುತ್ತಾರೆ, ಮೈಗೆ ಅದನ್ನು ತಾಳುವ ಶಕ್ತಿ ಹೋಗಿರುತ್ತದೆ. ಸಾವುಗಳಲ್ಲಿ ಎಷ್ಟೋ ಹೀಗೆ ಆಗುತ್ತವೆ.

ಎರಡನೆಯದು ಬ್ಯುಪ್ರೆನಾರ್ಫಿನ್, ಸಾಮಾನ್ಯವಾಗಿ ನಲಾಕ್ಸೋನ್ ಸೇರಿಸಿ ನಾಲಿಗೆ ಕೆಳಗೆ ಇಡುವ ಮಾತ್ರೆ. ತಿಂಗಳು, ವರ್ಷಗಟ್ಟಲೆ ಡಾಕ್ಟರ ಕಣ್ಣ ಕೆಳಗೆ ನಡೆಯುತ್ತದೆ. "ಒಂದು ಚಟ ಬಿಡಿಸಿ ಇನ್ನೊಂದು ಹತ್ತಿಸಿದ್ರು" ಎಂದು ನೆಂಟರು ಮೂಗು ಮುರಿಯುತ್ತಾರೆ. ಮುರಿಯಲಿ. ಮನುಷ್ಯ ಕೆಲಸಕ್ಕೆ ಹೋಗುತ್ತಾನೆ, ಸೂಜಿ ಬಿಡುತ್ತಾನೆ, ಸಾವಿನ ಅಪಾಯ ಅರ್ಧಕ್ಕೂ ಹೆಚ್ಚು ಇಳಿಯುತ್ತದೆ. ಆರಿಸಿಕೊಳ್ಳಿ ಎಂದರೆ ನಾನು ಕೈ ತೋರಿಸುವುದು ಇದಕ್ಕೆ. ಮೆಥಡೋನ್ ಇದೇ ಬಗೆಯದು, ನಮ್ಮ ದೇಶದಲ್ಲಿ ಕೆಲವೇ ಕೇಂದ್ರಗಳಲ್ಲಿದೆ.

ಮೂರನೆಯದು ನಾಲ್ಟ್ರೆಕ್ಸೋನ್. ಒಪಿಯಾಯ್ಡ್ ತೆಗೆದುಕೊಂಡರೂ ಏನೂ ಅನ್ನಿಸದಂತೆ ತಡೆಯುತ್ತದೆ. ಶುರು ಮಾಡುವ ಮುಂಚೆ ವಾರ, ಹತ್ತು ದಿನ ಪೂರ್ತಿ ಬಿಟ್ಟಿರಬೇಕು. ದಿನಾ ಮಾತ್ರೆ ಕೊಡುವ ಗಟ್ಟಿ ಮನೆಯವರಿದ್ದರೆ, ರೋಗಿಗೂ ಛಲ ಇದ್ದರೆ ಸರಿ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಕೇಂದ್ರ ಇದೆ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲೂ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಮಾದಕ ವ್ಯಸನದ ರಾಷ್ಟ್ರೀಯ ಸಹಾಯವಾಣಿ 14446. ಖಾಸಗಿ ಕೇಂದ್ರವಾದರೆ ಮಾನಸಿಕ ಆರೋಗ್ಯ ಕಾಯ್ದೆಯಡಿ ನೋಂದಣಿ ಇದೆಯಾ, ಮನೋವೈದ್ಯರು ಬರುತ್ತಾರಾ, ಮನೆಯವರನ್ನು ನೋಡಲು ಬಿಡುತ್ತಾರಾ ಕೇಳಿ. ಕೂಡಿಹಾಕಿ ಹೊಡೆಯುವ ಜಾಗಕ್ಕೆ ಚಿಕಿತ್ಸೆ ಎಂಬ ಹೆಸರು ಹಾಕಿದ ಮಾತ್ರಕ್ಕೆ ಅದು ಚಿಕಿತ್ಸೆ ಆಗುವುದಿಲ್ಲ. ಪೊಲೀಸ್ ಕೇಸಿನ ಭಯ ಇದ್ದರೆ, ಸಣ್ಣ ಪ್ರಮಾಣದ ಬಳಕೆಯ ಪ್ರಕರಣದಲ್ಲಿ ತಾನಾಗಿ ಸರ್ಕಾರಿ ಅಥವಾ ಮಾನ್ಯ ಕೇಂದ್ರಕ್ಕೆ ಚಿಕಿತ್ಸೆಗೆ ಬಂದವರಿಗೆ ಮಾದಕ ವಸ್ತು ಕಾಯ್ದೆಯ 64ಎ ಕಲಂ ರಕ್ಷಣೆ ಕೊಡುತ್ತದೆ.

ಮೊದಲ ಭೇಟಿಗೆ ಹೋಗುವಾಗ ಹಳೆಯ ಚೀಟಿಗಳು, ಖಾಲಿ ಸ್ಟ್ರಿಪ್ಪುಗಳು, ನಿದ್ದೆ ಮಾತ್ರೆ ಇದ್ದರೆ ಅದನ್ನೂ ಚೀಲಕ್ಕೆ ಹಾಕಿಕೊಳ್ಳಿ. ದಿನಕ್ಕೆ ನುಂಗುವುದು ಎಷ್ಟು, ಕೊನೆಯ ಮಾತ್ರೆ ನುಂಗಿದ್ದು ಎಷ್ಟು ಗಂಟೆಗೆ ಎಂಬುದನ್ನು ಸರಿಯಾಗಿ ಹೇಳಿ. ನಾಚಿಕೆಗೆ ಹತ್ತನ್ನು ನಾಲ್ಕು ಮಾಡಬೇಡಿ. ಹಳೆಯ ಔಷಧಿ ಮೈಯಲ್ಲಿ ಇರುವಾಗಲೇ ಬ್ಯುಪ್ರೆನಾರ್ಫಿನ್ ಕೊಟ್ಟರೆ ಬಿಟ್ಟಾಗಿನ ನೋವೆಲ್ಲ ಒಮ್ಮೆಗೇ ಬಂದು ಹೊಡೆಯುತ್ತದೆ. ಆಕಳಿಕೆ, ಮೂಗು ಸೋರುವುದು ಶುರುವಾದ ಮೇಲೆಯೇ ಮೊದಲ ಮಾತ್ರೆ ಕೊಡುತ್ತಾರೆ. ಹಾಗಾಗಿ ಬೆಳಿಗ್ಗೆಯೇ ಹೋಗಿ, ಇಡೀ ದಿನ ಅಲ್ಲೇ ಕೂರುವ ತಯಾರಿ ಮಾಡಿಕೊಳ್ಳಿ, ಜೊತೆಗೊಬ್ಬರನ್ನು ಕರೆದುಕೊಂಡು ಹೋಗಿ.